ಅಬ್ಬಿಗಿಂತ ಮೊದಲು ಸಿಗುವ ಹಳ್ಳ: ಮಳೆಗಾಲದಲ್ಲಿ ಮಲೆನಾಡಿಗೆ ಬರುವವರಿಗೆ ಎಚ್ಚರಿಕೆ

ಪ್ರತಿ ಮಳೆಗಾಲದಲ್ಲೂ ಮಲೆನಾಡಿನ ಯಾವುದಾದರೂ ಹಳ್ಳದ ಆಚೆ ದಡದಲ್ಲಿ ಒಂದು ತಂಡ ಸಿಕ್ಕಿಬೀಳುತ್ತದೆ. ಊರು ಬೇರೆ, ಜನ ಬೇರೆ, ಕತೆ ಮಾತ್ರ ಅದೇ. ಬೆಳಗ್ಗೆ ಹತ್ತು ಹತ್ತೂವರೆಗೆ ಹೋಮ್‌ಸ್ಟೇಯಲ್ಲಿ ತಿಂಡಿ ಮುಗಿಸಿ ಅಬ್ಬಿ, ಅಂದರೆ ಜಲಪಾತ, ನೋಡಲು ಹೊರಡುತ್ತಾರೆ. ಮಳೆ ಹೊಳವಾಗಿ ಬಿಡುವು ಕೊಟ್ಟಿರುತ್ತದೆ. ದಾರಿಗೆ ಅಡ್ಡ ಬರುವ ಹಳ್ಳದಲ್ಲಿ ಮೀನಖಂಡದ ಮಟ್ಟಕ್ಕೆ ನೀರು, ತಳದ ಕಲ್ಲು ಎಣಿಸುವಷ್ಟು ತಿಳಿ. ಶೂ ಕೈಯಲ್ಲಿ ಹಿಡಿದು ದಾಟುತ್ತಾರೆ. ಎರಡು ಮೂರು ಗಂಟೆ ಬಿಟ್ಟು ಹಿಂದಿರುಗುವಾಗ ಅದೇ ಹಳ್ಳ ಸೊಂಟದ ಮಟ್ಟಕ್ಕೆ ಏರಿ, ಕೆಂಪಾಗಿ, ದಿಮ್ಮಿಗಳನ್ನು ಹೊತ್ತು ಹರಿಯುತ್ತಿರುತ್ತದೆ. ಮೊಬೈಲಿಗೆ ಸಿಗ್ನಲ್ ಇಲ್ಲ. ನಾಲ್ಕೂವರೆಗೇ ಕಾಡಿನೊಳಗೆ ಮಬ್ಬು ಕವಿಯುತ್ತದೆ. ತಂಡದಲ್ಲೊಬ್ಬ, "ನಂಗೆ ಈಜು ಬರುತ್ತೆ, ನಾನು ಹೋಗಿ ಯಾರನ್ನಾದ್ರೂ ಕರ್ಕೊಂಡು ಬರ್ತೀನಿ" ಅನ್ನುತ್ತಾನೆ. ಅನಾಹುತ ಶುರುವಾಗುವುದು ಅಲ್ಲಿಂದ.

ಅಬ್ಬಿಯ ಬುಡದಲ್ಲಿ ಎಚ್ಚರಿಕೆಯ ಬೋರ್ಡು ಇರುತ್ತದೆ, ದಾರಿಯ ಹಳ್ಳಕ್ಕೆ ಇರುವುದಿಲ್ಲ. ಬಯಲುಸೀಮೆಯಿಂದ ಬಂದವರಿಗೆ ಅರ್ಥವಾಗದ ಸಂಗತಿಯೂ ಇದೇ: ನೀವು ನಿಂತ ಜಾಗದಲ್ಲಿ ಮಳೆ ಬರಬೇಕೆಂದೇನೂ ಇಲ್ಲ. ಮೇಲಿನ ಗುಡ್ಡದಲ್ಲಿ ಹೊಯ್ದರೆ ಸಾಕು. ಒಂದು ಚದರ ಕಿಲೋಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಬಿದ್ದರೆ 10 ಲಕ್ಷ ಲೀಟರ್ ನೀರು. ಎರಡು ಚದರ ಕಿಲೋಮೀಟರ್ ಗುಡ್ಡದ ಮೇಲೆ ಒಂದು ಗಂಟೆಯಲ್ಲಿ 50 ಮಿ.ಮೀ. ಹೊಯ್ದರೆ 10 ಕೋಟಿ ಲೀಟರ್. ಅದರಲ್ಲಿ ಬಹುಪಾಲು ಇಳಿದು ಹೋಗಬೇಕಾದದ್ದು ನೀವು ಶೂ ಹಿಡಿದು ದಾಟಿದ ಆ ಕಿರಿದಾದ ಜಾಗದಲ್ಲೇ. ಬೆಂಗಳೂರಿನಲ್ಲಿ ವರ್ಷವಿಡೀ ಬೀಳುವುದು 1,000 ಮಿ.ಮೀ. ಆಸುಪಾಸು; ಆಗುಂಬೆಯ ವಾರ್ಷಿಕ ಸರಾಸರಿ 7,000 ದಾಟುತ್ತದೆ, ಅದೂ ಹೆಚ್ಚಾಗಿ ನಾಲ್ಕು ತಿಂಗಳಲ್ಲಿ.

ಯಾವಾಗ ಬರುತ್ತೀರಿ ಎಂಬುದರ ಮೇಲೂ ಲೆಕ್ಕ ಬದಲಾಗುತ್ತದೆ. ಜೂನ್ ಮೊದಲ ವಾರಗಳ ಮಳೆಯನ್ನು ಒಣಗಿದ ನೆಲ ಕುಡಿಯುತ್ತದೆ, ಹಳ್ಳ ನಿಧಾನಕ್ಕೆ ಏರುತ್ತದೆ. ಪುನರ್ವಸು, ಪುಷ್ಯ ಮಳೆಯ ಹೊತ್ತಿಗೆ, ಅಂದರೆ ಜುಲೈ ಮೊದಲ ವಾರ ಕಳೆದು ಆಗಸ್ಟ್ ಆರಂಭದವರೆಗೆ, ನೆಲ ನೀರು ತುಂಬಿಕೊಂಡು ಇನ್ನು ಹಿಡಿಯಲಾರದ ಸ್ಥಿತಿಗೆ ಬಂದಿರುತ್ತದೆ. ಬಿದ್ದದ್ದೆಲ್ಲ ನೇರ ಹಳ್ಳಕ್ಕೆ. ಆಗ ಅಷ್ಟೇ ಮಳೆಗೆ ಹಳ್ಳ ಅರ್ಧ ಗಂಟೆಯೊಳಗೆ ಏರಿಬಿಡಬಹುದು. ಅಕ್ಟೋಬರ್‌ನ ಗುಡುಗು ಮಳೆಯ ರೀತಿಯೇ ಬೇರೆ. ಬೆಳಗ್ಗೆ ಸುಡುಬಿಸಿಲು, ಮಧ್ಯಾಹ್ನದ ಮೇಲೆ ಒಮ್ಮೆಲೇ ಸುರಿತ. ಆ ತಿಂಗಳಲ್ಲಿ ಹಳ್ಳ ದಾಟುವ ಕೆಲಸವಿದ್ದರೆ ಮಧ್ಯಾಹ್ನ ಹನ್ನೆರಡರೊಳಗೆ ಈಚೆ ದಡಕ್ಕೆ ಬಂದುಬಿಡಬೇಕು.

ನೀರು ಏರುವ ಮುಂಚೆ ಹಳ್ಳ ಸೂಚನೆ ಕೊಡುತ್ತದೆ, ಗಮನಿಸಬೇಕಷ್ಟೆ. ತಿಳಿನೀರು ಚಹಾ ಬಣ್ಣಕ್ಕೆ ತಿರುಗುತ್ತದೆ. ತರಗೆಲೆ, ಸಣ್ಣ ಕಡ್ಡಿ, ನೊರೆ ಒಟ್ಟೊಟ್ಟಾಗಿ ತೇಲಿಬರುತ್ತವೆ. ದಡದಲ್ಲಿ ಒಣಗಿ ಬಿದ್ದಿದ್ದ ಕಸವನ್ನು ನೀರು ಎತ್ತಿಕೊಂಡಿದೆ ಎಂದರ್ಥ. ಸದ್ದು ದಪ್ಪವಾಗುತ್ತದೆ, ತಳದಲ್ಲಿ ಕಲ್ಲು ಉರುಳುವ ಗುಡುಗುಡು ಕೇಳುತ್ತದೆ. ಇವುಗಳಲ್ಲಿ ಒಂದು ಕಂಡರೂ ಫೋಟೋ ಬಿಟ್ಟು ಎದ್ದು ಬನ್ನಿ. ಇನ್ನೊಂದು ಸೂಚನೆ ಅಪರೂಪ, ಆದರೆ ಎಲ್ಲಕ್ಕಿಂತ ಕೆಟ್ಟದ್ದು: ಮಳೆ ಹೊಯ್ಯುತ್ತಿರುವಾಗಲೇ ಹಳ್ಳದ ನೀರು ಇದ್ದಕ್ಕಿದ್ದಂತೆ ಇಳಿದರೆ, ಮೇಲೆ ಎಲ್ಲೋ ದರೆ (ಗುಡ್ಡದ ಕಡಿದಾದ ಮಣ್ಣಿನ ಬದಿ) ಕುಸಿದು ನೀರು ಕಟ್ಟಿಕೊಂಡಿರಬಹುದು. ಅದು ಒಡೆದಾಗ ಒಂದೇ ಏಟಿಗೆ ಬರುತ್ತದೆ.

ಹೋಗುವಾಗ ಹಳ್ಳದ ಅಂಚಿನಲ್ಲಿ, ನೀರು ಮುಟ್ಟುವ ಗೆರೆಗೇ ಒಂದು ಕೋಲು ನೆಟ್ಟು ಹೊತ್ತು ನೋಡಿಕೊಳ್ಳಿ. ಹತ್ತು ನಿಮಿಷ ಅಲ್ಲೇ ಕೂತು ನೋಡಿ. ನೀರು ಎರಡು ಬೆರಳಿನಷ್ಟು ಏರಿದ್ದರೂ ಆ ದಿನ ಅಬ್ಬಿ ಬೇಡ. ಏರದಿದ್ದರೂ ಆಚೆ ದಡದಲ್ಲಿ ಒಂದು ಗಂಟೆಗಿಂತ ಹೆಚ್ಚು ಕಳೆಯಬೇಡಿ.

ದಾಟುವ ಕ್ರಮಕ್ಕೆ ಬರೋಣ, ಯಾಕೆಂದರೆ ಬಂದವರಲ್ಲಿ ಹೆಚ್ಚಿನವರು ತಪ್ಪಾಗಿಯೇ ದಾಟುತ್ತಾರೆ. ವೇಗವಾಗಿ ಹರಿಯುವ ನೀರು ಮೊಣಕಾಲು ಮುಟ್ಟಿದರೆ ಅದೇ ಕೊನೆಯ ಮಿತಿ. ಹರಿವಿನ ವೇಗ ಎರಡು ಪಟ್ಟಾದರೆ ನಿಮ್ಮ ಕಾಲಿನ ಮೇಲೆ ಬೀಳುವ ಒತ್ತಡ ನಾಲ್ಕು ಪಟ್ಟಾಗುತ್ತದೆ, ಆದ್ದರಿಂದ "ಸ್ವಲ್ಪವೇ ಜೋರಾಗಿದೆ" ಎಂಬ ಮಾತಿಗೆ ಅರ್ಥವಿಲ್ಲ. ಕಿರಿದಾದ ಜಾಗ ಹತ್ತಿರ ಅಂತ ಕಾಣುತ್ತದೆ, ಅಲ್ಲೇ ನೀರು ಆಳ ಮತ್ತು ಬಿರುಸು. ಅಗಲವಾಗಿ ಹರಡಿದ ಜಾಗ ಹುಡುಕಿ. ಕೆಳಗೆ ಹತ್ತಿರದಲ್ಲೇ ಅಬ್ಬಿ, ಮಡು ಅಥವಾ ಅಡ್ಡಬಿದ್ದ ಮರ ಇದ್ದರೆ ಅಲ್ಲಿ ದಾಟುವಂತಿಲ್ಲ. ಶೂ ಕಳಚಬೇಡಿ, ಬರಿಗಾಲಿಗೆ ಕಲ್ಲು ಚುಚ್ಚಿದಾಗ ಕಾಲು ತಾನಾಗಿ ಎತ್ತುತ್ತದೆ, ಹಿಡಿತ ತಪ್ಪುವುದು ಆಗಲೇ. ಬ್ಯಾಗಿನ ಸೊಂಟದ ಬೆಲ್ಟು ಬಿಚ್ಚಿಟ್ಟಿರಿ, ಬಿದ್ದರೆ ಬ್ಯಾಗು ಕಳಚಿ ಹೋಗಬೇಕು. ನೀರು ಬರುವ ದಿಕ್ಕಿಗೆ ಮುಖ ಮಾಡಿ, ಗಟ್ಟಿ ಕೋಲನ್ನು ಮುಂದೆ ಊರಿ, ಅಡ್ಡಡ್ಡ ಹೆಜ್ಜೆ ಇಡಿ. ಕೋಲು ಮತ್ತು ಎರಡು ಕಾಲು, ಈ ಮೂರರಲ್ಲಿ ಒಂದು ಸಲಕ್ಕೆ ಒಂದೇ ಕದಲಬೇಕು. ಕಲ್ಲಿನ ಮೇಲಿಂದ ಕಲ್ಲಿಗೆ ಹಾರುವುದು ಸಿನಿಮಾದಲ್ಲಿ ಚಂದ.

ಹಗ್ಗ ಇದ್ದರೆ ಸೊಂಟಕ್ಕೆ ಕಟ್ಟಿಕೊಳ್ಳಬೇಡಿ. ಬಿದ್ದ ಮೇಲೆ ಹಗ್ಗ ಬಿಗಿದು, ಹರಿವು ನಿಮ್ಮನ್ನು ನೀರಿನಡಿಗೆ ಒತ್ತಿ ಹಿಡಿಯುತ್ತದೆ. ದಡದವರು ಎಳೆದಷ್ಟೂ ಕೆಡುಕು. ಬಿದ್ದವರು ತಕ್ಷಣ ಎದ್ದು ನಿಲ್ಲಲು ನೋಡುತ್ತಾರೆ. ಅದೂ ತಪ್ಪು. ಕಾಲು ಎರಡು ಕಲ್ಲಿನ ಸಂದಿಗೆ ಸಿಕ್ಕರೆ ಹಿಂದಿನಿಂದ ಬರುವ ನೀರು ಮುಖ ಅಡಿಯಾಗಿ ಮಗುಚುತ್ತದೆ. ಅಂಗಾತ ಮಲಗಿ, ಪಾದ ಮುಂದಕ್ಕೆ, ನೀರು ಹೋಗುವ ಕಡೆಗೆ ಇಟ್ಟು, ಕೈಯಿಂದ ದಡದ ಕಡೆಗೆ ಓರೆಯಾಗಿ ಹುಟ್ಟುಹಾಕುತ್ತಾ ಹೋಗಿ. ಮೊಣಕಾಲಿಗಿಂತ ಕಡಿಮೆ ನೀರು ಬಂದ ಮೇಲಷ್ಟೇ ಏಳಿ.

ಕಾಲುಸಂಕ (ನಡೆದು ದಾಟುವ ಕಿರುಸೇತುವೆ) ಇದ್ದರೆ ಪುಣ್ಯ, ಆದರೆ ಅಡಿಕೆ ಮರದ ಸಂಕ ಮಳೆಗೆ ನೆನೆದರೆ ಸೋಪಿನ ಹಾಗೆ. ಒಬ್ಬರ ನಂತರ ಒಬ್ಬರು ದಾಟಿ. ನೀರು ಸಂಕದ ತಳ ಮುಟ್ಟುತ್ತಿದ್ದರೆ ಕಾಲಿಡಬೇಡಿ.

ಆಚೆ ದಡದಲ್ಲಿ ಸಿಕ್ಕಿಬಿದ್ದರೆ ಮಾಡಬೇಕಾದ್ದು ಒಂದೇ, ಕಾಯುವುದು. ಸಣ್ಣ ಹಳ್ಳ ಏರಿದಷ್ಟೇ ಬೇಗ ಇಳಿಯುತ್ತದೆ. ಮಳೆ ನಿಂತ ಕೆಲವು ಗಂಟೆಗಳಲ್ಲಿ ದಾರಿ ಬಿಡುವುದು ಸಾಮಾನ್ಯ. ದಡದಿಂದ ದೂರ, ಎತ್ತರದ ಜಾಗಕ್ಕೆ ಹೋಗಿ. ಒಣಗಿದ ಕೊಂಬೆಯ ದೊಡ್ಡ ಮರದ ಕೆಳಗೆ, ಕಡಿದಾದ ದರೆಯ ಬುಡದಲ್ಲಿ ಕೂರಬೇಡಿ. ಒಬ್ಬೊಬ್ಬರಿಗೂ ಒಂದು ಒಣ ಬಟ್ಟೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ್ದು, ಒಂದು ಟಾರ್ಚ್, ಒಂದು ಸೀಟಿ, ಸ್ವಲ್ಪ ಬೆಲ್ಲ ಅಥವಾ ಚಿಕ್ಕಿ ಜೊತೆಗಿದ್ದರೆ ಆ ರಾತ್ರಿ ಕಷ್ಟವಾದರೂ ಕಳೆಯುತ್ತದೆ. ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಗುವ ಜಾಗದಲ್ಲಿ 112ಕ್ಕೆ ಕರೆ ಹೋಗಬಹುದು, ಪ್ರಯತ್ನಿಸಿ. ಇದೆಲ್ಲಕ್ಕಿಂತ ದೊಡ್ಡ ಉಪಾಯ ಹೊರಡುವ ಮುಂಚಿನದು: ಯಾವ ಅಬ್ಬಿಗೆ, ಯಾವ ದಾರಿಯಲ್ಲಿ, ಎಷ್ಟು ಹೊತ್ತಿಗೆ ವಾಪಸ್ ಎಂದು ಮನೆಯಲ್ಲಿ ಉಳಿದವರಿಗೆ ಹೇಳಿ ಹೋಗುವುದು.

ಇನ್ನು ಅಬ್ಬಿ. 2023ರ ಜುಲೈನಲ್ಲಿ ಕೊಲ್ಲೂರು ಬಳಿಯ ಅರಶಿನಗುಂಡಿಯಲ್ಲಿ ಬಂಡೆಯ ಅಂಚಿನಲ್ಲಿ ನಿಂತಿದ್ದ ಯುವಕನೊಬ್ಬ ಜಾರಿ ನೀರುಪಾಲಾದ ವಿಡಿಯೋವನ್ನು ರಾಜ್ಯವೇ ನೋಡಿದೆ. ಅಬ್ಬಿಯ ಸಿಂಪರಣೆ ಬೀಳುವ ಬಂಡೆಯ ಮೇಲೆ ಹಾವಸೆ (ಪಾಚಿ) ಕಟ್ಟಿರುತ್ತದೆ. ಹಸಿರಾಗಿದ್ದರೆ ಕಣ್ಣಿಗೆ ಕಾಣುತ್ತದೆ. ಕಪ್ಪು ಬಂಡೆಯ ಮೇಲಿನ ಕಪ್ಪು ಹಾವಸೆ ಬರೀ ಒದ್ದೆ ಕಲ್ಲಿನಂತೆ ತೋರುತ್ತದೆ. ಎಂಥ ಶೂ ಆದರೂ ಅದರ ಮೇಲೆ ಹಿಡಿಯುವುದಿಲ್ಲ. ಚಾರ್ಮಾಡಿ ಘಾಟಿಯ ರಸ್ತೆ ಬದಿಯ ಬಂಡೆ ಹತ್ತುವವರಿಗೂ ಇದೇ ಮಾತು. ಅಬ್ಬಿ ಬೀಳುವ ಗುಂಡಿಯಲ್ಲಿ ಈಜು ಬಲ್ಲವರೂ ಮುಳುಗುವುದಕ್ಕೆ ಕಾರಣವಿದೆ: ನೊರೆಗಟ್ಟಿದ ನೀರಿನಲ್ಲಿ ಗಾಳಿ ತುಂಬಿರುವುದರಿಂದ ಅದು ಮೈಯನ್ನು ತೇಲಿಸುವುದಿಲ್ಲ, ಬೀಳುವ ನೀರು ಮತ್ತೆ ಮತ್ತೆ ಬುಡಕ್ಕೇ ಎಳೆಯುತ್ತದೆ. "ಹೋದ ವರ್ಷ ಇಲ್ಲಿ ಸೊಂಟದಷ್ಟೇ ನೀರಿತ್ತು" ಎಂಬುದನ್ನು ನಂಬಬೇಡಿ. ಪ್ರತಿ ನೆರೆಗೂ ಗುಂಡಿಯ ಮರಳು ಜಾಗ ಬದಲಿಸುತ್ತದೆ.

ಕೆರೆ ಶಾಂತವಾಗಿ ಕಾಣುವುದರಿಂದ ಅಲ್ಲಿ ಯಾರೂ ಅನುಮಾನಪಡುವುದಿಲ್ಲ. ಹೂಳೆತ್ತಿದ ಕೆರೆಯಲ್ಲಿ ಜೆಸಿಬಿ ತೋಡಿದ ಗುಂಡಿಗಳು ನೇರ ಗೋಡೆಯಂತೆ ಇಳಿಯುತ್ತವೆ, ನಾಲ್ಕು ಹೆಜ್ಜೆ ಮೊಣಕಾಲು ನೀರು, ಐದನೆಯದಕ್ಕೆ ತಳವೇ ಇಲ್ಲ. ಹೂಳೆತ್ತದ ಕೆರೆಯಲ್ಲಿ ಕೆಸರು ಕಾಲು ಹಿಡಿಯುತ್ತದೆ. ತೂಬಿನ ಹತ್ತಿರ ಮತ್ತು ಕೋಡಿ ಬಿದ್ದ ಜಾಗದಲ್ಲಿ ನೀರಿಗಿಳಿಯಲೇಬೇಡಿ. ಯಾರಾದರೂ ಮುಳುಗುತ್ತಿದ್ದರೆ ಹಾರುವ ಬದಲು ಲುಂಗಿ, ದುಪಟ್ಟಾ, ಬಿದಿರು, ಮುಚ್ಚಳ ಬಿಗಿದ ಖಾಲಿ ಕ್ಯಾನು, ಏನಾದರೂ ಎಸೆಯಿರಿ. ಮೇಲೆ ತಂದ ಮೇಲೆ ಹೊಟ್ಟೆ ಒತ್ತುವುದು, ತಲೆಕೆಳಗು ಮಾಡಿ ತಿರುಗಿಸುವುದು ವ್ಯರ್ಥ. ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು, ನಂತರ ಎದೆಯ ಮೇಲೆ 30 ಒತ್ತು, 2 ಉಸಿರು, ನೆರವು ಬರುವವರೆಗೂ.

ಹೋಮ್‌ಸ್ಟೇ ಬುಕ್ ಮಾಡುವಾಗ ಊಟದಲ್ಲಿ ಕಡುಬು ಇದೆಯಾ ಎಂದು ಕೇಳುವವರು ದಾರಿಯಲ್ಲಿ ಎಷ್ಟು ಹಳ್ಳ, ಸಂಕ ಇದೆಯಾ ಎಂದು ಕೇಳುವುದಿಲ್ಲ. ಕೇಳಿ. ಅಬ್ಬಿ ಯಾರ ಜಾಗದಲ್ಲಿದೆ ಎಂದೂ ಕೇಳಿ. ಆಗುಂಬೆ, ಕೊಲ್ಲೂರು, ಕುದುರೆಮುಖ ಸುತ್ತಿನ ಎಷ್ಟೋ ಅಬ್ಬಿಗಳು ಸೋಮೇಶ್ವರ, ಮೂಕಾಂಬಿಕಾ ವನ್ಯಜೀವಿಧಾಮ ಅಥವಾ ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಬರುತ್ತವೆ. ಅನುಮತಿಯಿಲ್ಲದೆ ಒಳಹೋಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಚಾರಣಕ್ಕೆ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡ ಟಿಕೆಟ್ ಮಾಡಬೇಕು. "ನಮ್ಮ ಹುಡುಗ ಹಿಂದಿನ ದಾರಿಯಿಂದ ಕರ್ಕೊಂಡು ಹೋಗ್ತಾನೆ" ಎಂದವರು ಕೇಸು ಬಿದ್ದಾಗ ನಿಮ್ಮ ಜೊತೆ ಇರುವುದಿಲ್ಲ.

ರಸ್ತೆಯ ವಿಷಯದಲ್ಲಿ ಎರಡೇ ಮಾತು. ಹರಿಯುವ ನೀರು ಒಂದು ಅಡಿ ಇದ್ದರೂ ಸಣ್ಣ ಕಾರನ್ನು ಸರಿಸಿಬಿಡುತ್ತದೆ, ಮುಳುಗಿದ ಸೇತುವೆಗೆ ಗಾಡಿ ಇಳಿಸಬೇಡಿ. ಗುಡ್ಡ ಕಡಿದು ಮಾಡಿದ ರಸ್ತೆಯಲ್ಲಿ ದರೆಯ ಕೆಳಗೆ ಚಹಾಕ್ಕೆಂದೂ ಗಾಡಿ ನಿಲ್ಲಿಸಬೇಡಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಕುಸಿದಾಗ ಹೋಟೆಲಿನವರೂ ಅಲ್ಲಿ ನಿಂತಿದ್ದವರೂ ಮಣ್ಣಿನಡಿ ಸೇರಿದರು.

ಇಂಬಳಕ್ಕೆ (ಜಿಗಣೆಗೆ) ಹೆದರುವವರು ಬಹಳ, ಅದರಿಂದ ಆಗುವ ಕೆಡುಕು ಕಡಿಮೆ. ಸಪೂರ ತುದಿಯ ಬಾಯಿಯ ಬಳಿ ಉಗುರು ಜಾರಿಸಿ ಬಿಡಿಸಿ, ಸೋಪಿನಲ್ಲಿ ತೊಳೆದು ಬಟ್ಟೆ ಒತ್ತಿ ಹಿಡಿಯಿರಿ. ರಕ್ತ ಹೆಪ್ಪುಗಟ್ಟದಂತೆ ಅದು ರಸ ಬಿಡುವುದರಿಂದ ಸೋರುವುದು ಬೇಗ ನಿಲ್ಲದು, ಗಾಬರಿ ಬೇಡ. ನಿಜಕ್ಕೂ ಹೆದರಬೇಕಾದ್ದು ಬೇಸಿಗೆಯ ಉಣುಗಿಗೆ, ಅಂದರೆ ಮೈಗೆ ಕಚ್ಚಿ ರಕ್ತ ಹೀರುವ ಉಣ್ಣೆಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಅದರಿಂದಲೇ, ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತನಕ. ಆ ತಿಂಗಳುಗಳಲ್ಲಿ ತರಗೆಲೆಯ ಮೇಲೆ ಕೂರಬೇಡಿ, ಮಂಗ ಸತ್ತ ಜಾಗದತ್ತ ಹೋಗಬೇಡಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೇಪಾ ತೈಲ ಸಿಕ್ಕರೆ ಕೈಕಾಲಿಗೆ ಹಚ್ಚಿಕೊಳ್ಳಿ, ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ. ಮಳೆಗಾಲದಲ್ಲಿ ಗದ್ದೆ, ಹಳ್ಳದ ನೀರಿನಿಂದ ಬರುವುದು ಇಲಿಜ್ವರ. ಗಾಯವಿರುವ ಕಾಲಿನಲ್ಲಿ ನೀರಿಗಿಳಿದಿದ್ದರೆ ನೆನಪಿರಲಿ. ಊರಿಗೆ ಮರಳಿದ ಎರಡು ವಾರದೊಳಗೆ ಜ್ವರ ಬಂದರೆ, ಯಾವ ಕಾಡಿಗೆ, ಯಾವ ತಾರೀಕಿಗೆ ಹೋಗಿದ್ದಿರಿ ಎಂದು ಡಾಕ್ಟರಿಗೆ ಮೊದಲೇ ಹೇಳಿ. ಹೇಳದಿದ್ದರೆ ಪೇಟೆಯ ಕ್ಲಿನಿಕ್ಕಿನಲ್ಲಿ ಇವೆರಡರ ಪರೀಕ್ಷೆ ಬರೆಯುವ ಯೋಚನೆ ಯಾರಿಗೂ ಬಾರದೇ ಹೋಗಬಹುದು.