ಮಿಯಾಟಾ ಕೊಂಡು ಎಂಟು ತಿಂಗಳು, ಅಮ್ಮನಿಗೆ ಮಾತ್ರ ಏನೂ ಕೇಳಿಸುತ್ತಿಲ್ಲ

ಮಾರ್ಚ್‌ನಲ್ಲಿ ಮಾಜ್ದಾ ಮಿಯಾಟಾ ಕೊಂಡೆ, ಚಾವಣಿ ಮಡಚಿ ತೆರೆಯುವ ಎರಡು ಸೀಟಿನ ಪುಟ್ಟ ಕಾರು. ಎಂಟು ತಿಂಗಳಾಯಿತು, ಮೀಟರಿನಲ್ಲಿ ಆರು ಸಾವಿರ ಮೈಲಿ ದಾಟಿದೆ. ಸಾಫ್ಟ್ ಟಾಪ್ ಅಂದರೆ ಬಟ್ಟೆಯ ಚಾವಣಿ, ಆರು ಗೇರಿನ ಮ್ಯಾನ್ಯುಯಲ್, ಬೂದು ಬಣ್ಣ. 181 ಹಾರ್ಸ್‌ಪವರ್, 7500 ಆರ್‌ಪಿಎಂವರೆಗೆ ಓಡುವ ಎರಡು ಲೀಟರ್ ಎಂಜಿನ್, ಈ ಲೆಕ್ಕವೆಲ್ಲ ನೀವು ಹತ್ತು ಕಡೆ ಓದಿರುತ್ತೀರಿ, ನಾನು ಮತ್ತೆ ಬರೆಯಲ್ಲ. ನನಗೆ ಹೇಳಬೇಕಿರುವುದು ಎರಡೇ ವಿಷಯ. ಒಂದು ಟಾಪ್. ಇನ್ನೊಂದು ಅಮ್ಮ.

ಇರುವುದು ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ, ಊರು ಹಾಸನ. ಗಾಡಿ ಕಲಿತದ್ದು ಸಕಲೇಶಪುರದ ಹತ್ತಿರ ದೊಡ್ಡಪ್ಪನ ತೋಟದಲ್ಲಿ, ಅವರ ಹಳೇ ಜೀಪಿನಲ್ಲಿ. ಆ ಜೀಪಿಗೆ ಗೇರ್ ಹಾಕುವುದು ಅಂದರೆ ಮುದ್ದೆ ಕೋಲು ಹಿಡಿದು ಹಿಟ್ಟು ತಿರುವಿದ ಹಾಗೆ, ಸಂಜೆಗೆ ರಟ್ಟೆ ಬಿದ್ದುಹೋಗುತ್ತಿತ್ತು. ಆದರೂ ಅದೇ ರುಚಿ ಹತ್ತಿಬಿಟ್ಟಿತು. ಇಲ್ಲಿಗೆ ಬಂದ ಮೇಲೆ ಹನ್ನೆರಡು ವರ್ಷ ಆಟೋಮ್ಯಾಟಿಕ್ ಓಡಿಸಿದೆ, ಎಡಗಾಲಿಗೆ ಕೆಲಸವೇ ಇರಲಿಲ್ಲ. ನಲವತ್ತು ದಾಟಿದಾಗ ಹೆಂಡತಿಗೆ ಹೇಳಿದೆ, ಒಂದು ಗೇರ್ ಕಾರು ಕೊಳ್ಳುತ್ತೇನೆ, ಇನ್ನೇನೂ ಕೇಳಲ್ಲ ಅಂತ. ಮನೆಗೆ ಅಂತ ಇನ್ನೊಂದು ದೊಡ್ಡ ಕಾರು ಇರುವುದರಿಂದ ಅವಳೂ ಹೂಂ ಅಂದಳು. ಪೋರ್ಷೆ ನಮ್ಮ ಜೇಬಿಗೆ ಎಟುಕುವ ಮಾತಲ್ಲ. ಮೂವತ್ತು ಸಾವಿರ ಡಾಲರ್ ಆಸುಪಾಸಿನಲ್ಲಿ ಹೊಸದು, ಎರಡು ಸೀಟು, ಹಿಂದಿನ ಚಕ್ರ ತಳ್ಳುವ ಕಾರು ಬೇಕೆಂದರೆ ಹುಡುಕಾಟ ಬೇಗ ಮುಗಿಯುತ್ತದೆ.

ಮೊದಲು ಹೋದ ಡೀಲರ್ ಹೆಸರು ಬೇಡ ಬಿಡಿ. ಕಂಪನಿಯೇ ಅಂಟಿಸಿದ ಸ್ಟಿಕ್ಕರ್ ಬೆಲೆಯ ಮೇಲೆ ಇನ್ನೊಂದು ಸ್ಟಿಕ್ಕರ್ ಅಂಟಿಸಿದ್ದರು, ಅದರಲ್ಲಿ ಟೈರಿಗೆ ನೈಟ್ರೋಜನ್ ಗಾಳಿ ತುಂಬಿದ್ದಕ್ಕೂ ದುಡ್ಡು. ಗಾಳಿಗೆ ದುಡ್ಡು! ಎದ್ದು ಬಂದೆ. ಸ್ಯಾಕ್ರಮೆಂಟೊ ಕಡೆ ಒಬ್ಬರು ಸ್ಟಿಕ್ಕರ್ ಬೆಲೆಗೇ ಕೊಟ್ಟರು, ರೈಲಿನಲ್ಲಿ ಹೋಗಿ ಓಡಿಸಿಕೊಂಡು ಬಂದೆ. ಮ್ಯಾನ್ಯುಯಲ್ ಪುಸ್ತಕದಲ್ಲಿ ಮೊದಲ 600 ಮೈಲಿ ಎಂಜಿನ್ ರೇಗಿಸಬೇಡಿ, ಒಂದೇ ವೇಗದಲ್ಲಿ ತುಂಬಾ ಹೊತ್ತು ಹೋಗಬೇಡಿ ಅಂತ ಬರೆದಿದೆ. ಅದಕ್ಕೆ ಫ್ರೀವೇ ಬಿಟ್ಟು ಹಳ್ಳಿ ರಸ್ತೆ ಹಿಡಿದೆ. ಮನೆ ತಲುಪಿದಾಗ ರಾತ್ರಿ ಹತ್ತು. ಗೇರ್ ವಿಷಯ ಕೇಳಬೇಡಿ, ಮಣಿಕಟ್ಟು ಆಡಿಸಿದರೆ ಸಾಕು, ಟಕ್ ಅಂತ ಕೂರುತ್ತದೆ. ನಾನು ಬಯಸಿದ್ದೆಲ್ಲ ಸಿಕ್ಕಿತು, ಅಲ್ಲಿಗೆ ಆ ಮಾತು ಮುಗಿಯಿತು.

ಬಯಸದೇ ಸಿಕ್ಕಿದ್ದು ಟಾಪ್. ಕೊಳ್ಳುವಾಗ ಅದರ ಬಗ್ಗೆ ಯೋಚನೆಯನ್ನೇ ಮಾಡಿರಲಿಲ್ಲ. ಇದಕ್ಕೆ ಮೋಟಾರ್ ಇಲ್ಲ, ಬಟನ್ ಇಲ್ಲ. ಎದುರು ಗಾಜಿನ ಮೇಲೆ, ಕನ್ನಡಿಯ ಹತ್ತಿರ ನಡುವೆ ಒಂದೇ ಒಂದು ಚಿಲಕ. ಅದನ್ನು ಎಳೆದ ತಕ್ಷಣ ಎರಡೂ ಕಿಟಕಿ ತಾವಾಗಿಯೇ ಒಂದಿಷ್ಟು ಕೆಳಗೆ ಇಳಿಯುತ್ತವೆ, ಮನೆಗೆ ಹಿರಿಯರು ಬಂದರೆ ಸರಿದು ಜಾಗ ಕೊಡುತ್ತೇವಲ್ಲ, ಹಾಗೆ. ಕೂತ ಕಡೆಯಿಂದಲೇ ಟಾಪನ್ನು ತಲೆಯ ಮೇಲಿಂದ ಹಿಂದಕ್ಕೆ ತಳ್ಳುತ್ತೇನೆ, ಹಿಂದೆ ಹೋಗಿ ಮಡಚಿ ಕೂರುತ್ತದೆ, ಅಂಗೈಯಲ್ಲಿ ಒಮ್ಮೆ ಒತ್ತಿದರೆ ಕ್ಲಿಕ್. ಅಷ್ಟೇ. ಐದು ಸೆಕೆಂಡು. ಹಾಕುವಾಗ ಸೀಟುಗಳ ಹಿಂದೆ ಕೈ ಹಾಕಿ ಬಿಡಿಸಿ ಮುಂದಕ್ಕೆ ಎಳೆದುಕೊಳ್ಳುವುದು, ಚಳಿಗೆ ತಲೆ ಮೇಲೆ ಕಂಬಳಿ ಎಳೆದುಕೊಂಡ ಹಾಗೆ. ಸಿಗ್ನಲ್‌ನಲ್ಲಿ ಕೆಂಪು ಇದ್ದಾಗ ಬಿಚ್ಚಿ, ಮುಂದಿನ ಸಿಗ್ನಲ್‌ನಲ್ಲಿ ಹಾಕಿ, ಸುಮ್ನೆ ಮತ್ತೆ ಬಿಚ್ಚಿದ್ದೂ ಇದೆ.

ಈಗ ಬೆಳಿಗ್ಗೆ ಇದೊಂದು ಪೂಜೆಯ ಹಾಗೆ ಆಗಿದೆ. ಎಂಜಿನ್ ಸ್ಟಾರ್ಟ್ ಮಾಡುತ್ತೇನೆ, ತಣ್ಣಗಿದ್ದಾಗ ಸ್ವಲ್ಪ ಹೊತ್ತು ಜೋರಾಗಿ ಗುರುಗುಟ್ಟುತ್ತದೆ. ಆಮೇಲೆ ಸ್ವರ ಇಳಿಯುತ್ತದೆ. ಅಷ್ಟರಲ್ಲಿ ಟೋಪಿ ಹಾಕಿಕೊಂಡು, ಕನ್ನಡಕ ಒರೆಸಿ, ಚಿಲಕ ಎಳೆದು ಟಾಪ್ ತಳ್ಳುತ್ತೇನೆ. ಚಳಿ ಇದ್ದರೂ ತೆಗೆಯುತ್ತೇನೆ, ಹೀಟರ್ ಕಾಲಿಗೆ, ಗಾಳಿ ತಲೆಗೆ. ಪಕ್ಕದ ಮನೆಯವರಿಗೆ ನಾನು ಹುಚ್ಚ.

ಶನಿವಾರ ಬೆಳಿಗ್ಗೆ ಆರಕ್ಕೆ ಎದ್ದು ಸಾರಾಟೋಗಾದಿಂದ ಹೈವೇ 9 ಹತ್ತುತ್ತೇನೆ. ಮೇಲೆ ಸ್ಕೈಲೈನ್ ರಸ್ತೆ ಸೇರುವವರೆಗೆ ಬರೀ ತಿರುವು, ಎರಡನೇ ಗೇರ್, ಮೂರನೇ ಗೇರ್, ಮತ್ತೆ ಎರಡು. ಆ ದಾರಿಯಲ್ಲಿ ನೂರು ಸಲ ಹೋಗಿದ್ದೆ, ಮುಚ್ಚಿದ ಕಾರಿನಲ್ಲಿ. ಅಲ್ಲಿ ವಾಸನೆ ಇದೆ ಅಂತಲೇ ಗೊತ್ತಿರಲಿಲ್ಲ! ಬೇಸಿಗೆಯಲ್ಲಿ ಸಮುದ್ರದ ಕಡೆಯಿಂದ ಮಂಜು ಬಂದು ರೆಡ್‌ವುಡ್ ಮರಗಳಿಗೆ ತಗಲಿ ತೊಟ್ಟಿಕ್ಕುತ್ತದೆ, ಬುಡದಲ್ಲಿ ಒದ್ದೆ ತರಗೆಲೆ. ಮೊದಲ ಸಲ ಆ ವಾಸನೆ ಬಂದಾಗ ಗಾಡಿ ಪಕ್ಕಕ್ಕೆ ನಿಲ್ಲಿಸಿಬಿಟ್ಟೆ. ದೊಡ್ಡಪ್ಪನ ತೋಟದಲ್ಲಿ ಜೂನ್ ತಿಂಗಳ ಮಳೆ ನಿಂತ ಮೇಲೆ ಹೀಗೇ ಇರುತ್ತಿತ್ತು, ಅಥವಾ ನನಗೆ ಹಾಗನ್ನಿಸಿತು. ಇನ್ನೊಂದು ದಿನ ಎದುರಿನಿಂದ ಮೊದಲ ತಲೆಮಾರಿನ ಕೆಂಪು ಮಿಯಾಟಾ ಬಂತು, 1989ರಲ್ಲಿ ಶುರುವಾದ, ಹಚ್ಚಿದಾಗ ಕಣ್ಣು ಎತ್ತಿ ನೋಡುವ ಹಾಗೆ ಮೇಲೇಳುವ ದೀಪಗಳ ಮಾಡೆಲ್. ಓಡಿಸುತ್ತಿದ್ದ ಅಜ್ಜ ಕೈ ಬೀಸಿದರು. ನಾನು ಯಾರೋ ಗೊತ್ತಿರುವವರು ಅಂದುಕೊಂಡೆ. ಆಮೇಲೆ ತಿಳಿಯಿತು, ಮಿಯಾಟಾದವರು ಎದುರಾದರೆ ಕೈ ಬೀಸುವುದು ರೂಢಿಯಂತೆ. ನಮ್ಮ ಘಾಟಿಯಲ್ಲಿ ಬಸ್ ಡ್ರೈವರ್‌ಗಳು ಮಾಡುತ್ತಾರಲ್ಲ, ಅದೇ.

ಇಷ್ಟು ಹೊತ್ತು ಹೊಗಳಿದ್ದು ಶನಿವಾರದ ಕಾರನ್ನು. ಉಳಿದ ಐದು ದಿನ ಇದು ಆಫೀಸಿಗೆ ಹೋಗುವ ಕಾರು, 101 ಫ್ರೀವೇಯಲ್ಲಿ ರೆಡ್‌ವುಡ್ ಸಿಟಿವರೆಗೆ. ಅಲ್ಲಿ ಟಾಪ್ ಹಾಕಿದರೂ ಸದ್ದು, ತೆಗೆದರೂ ಸದ್ದು. ಪಕ್ಕದಲ್ಲಿ ಲಾರಿ ಬಂದರೆ ಅದರ ಚಕ್ರ ನನ್ನ ಕಿವಿಯ ಎತ್ತರಕ್ಕೆ ಇರುತ್ತದೆ. ಇದು ಕಾರಿನ ತಪ್ಪು ಅನ್ನಲಾರೆ. ಬಟ್ಟೆಯ ಚಾವಣಿ, ಸಾವಿರದ ಚಿಲ್ಲರೆ ಕೆ.ಜಿ. ತೂಕದ ಗಾಡಿ, ಹೀಗೇ ಇರುತ್ತದೆ ಅಂತ ಗೊತ್ತಿದ್ದೇ ಕೊಂಡದ್ದು. ಸದ್ದು ನನಗೆ ಅಭ್ಯಾಸವೂ ಆಯಿತು. ಅಮ್ಮನಿಗೆ ಆಗಲಿಲ್ಲ.

ಹನ್ನೆರಡು ವರ್ಷದಿಂದ ನಾನು ಅಮ್ಮನ ಜೊತೆ ಮಾತಾಡುವುದು ಆಫೀಸಿನ ದಾರಿಯಲ್ಲಿ. ಬೇಸಿಗೆಯಲ್ಲಿ ಇಲ್ಲಿ ಬೆಳಿಗ್ಗೆ ಎಂಟೂವರೆ ಅಂದರೆ ಹಾಸನದಲ್ಲಿ ರಾತ್ರಿ ಒಂಬತ್ತು. ಅವಳದು ಊಟ ಮುಗಿದಿರುತ್ತದೆ, ಧಾರಾವಾಹಿಯೂ ಮುಗಿದಿರುತ್ತದೆ. ಅಪ್ಪ ಹೋದ ಮೇಲೆ ಒಂದು ದಿನವೂ ತಪ್ಪಿಸಿಲ್ಲ. ಮಾತು ಅಂಥದ್ದೇನೂ ಇಲ್ಲ, ತಿಂಡಿ ಏನು, ಮೊಮ್ಮಗಳು ಎದ್ದಳಾ, ನೀರು ಬಂತಾ, ಎದುರು ಮನೆಯವರ ಮಗಳ ಮದುವೆ ಎಲ್ಲಿಗೆ ಬಂತು. ಹಳೇ ಕಾರಿನಲ್ಲಿ ಇದೆಲ್ಲ ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಆಗುತ್ತಿತ್ತು. ಮಿಯಾಟಾದಲ್ಲಿ ಮೊದಲ ದಿನವೇ, "ಏನೋ ಅದು, ಹಿಟ್ಟಿನ ಮಿಲ್ಲಲ್ಲಿ ನಿಂತಿದ್ದೀಯಾ?" ಅಂದಳು. ನಾನು ಕೂಗಿದೆ. ಅವಳೂ ಕೂಗಿದಳು. ಇಯರ್‌ಫೋನ್ ತಂದೆ, ಪ್ರಯೋಜನವಾಗಲಿಲ್ಲ. ಒಂದು ವಾರದಲ್ಲಿ ಮಾತು ಇಪ್ಪತ್ತು ನಿಮಿಷದಿಂದ ಐದಕ್ಕೆ ಇಳಿಯಿತು. "ಸರಿ ಕಣಪ್ಪ, ನೀನು ಗಾಡಿ ಓಡ್ಸು" ಅಂತ ಇಟ್ಟುಬಿಡುತ್ತಿದ್ದಳು. ಕೋಪ ಇರಲಿಲ್ಲ ಆ ಮಾತಿನಲ್ಲಿ, ಅದೇ ಕಷ್ಟ. ಒಂದೆರಡು ಸಲ ಆಫೀಸಿನ ಪಾರ್ಕಿಂಗ್‌ಗೆ ಹೋಗಿ ಮಾಡಿದರೆ ಆಗಲೇ ಮಲಗಿಬಿಟ್ಟಿದ್ದಳು. ಜುಲೈ ಹೊತ್ತಿಗೆ ನನಗೆ ಈ ಕಾರಿನ ಮೇಲೆ ಇದ್ದ ಮೋಹ ಅರ್ಧ ಇಳಿದಿತ್ತು ಅಂತ ಒಪ್ಪಿಕೊಳ್ಳುತ್ತೇನೆ.

ಅದೇ ಸಮಯಕ್ಕೆ ಹೆಂಡತಿಯ ಅಪ್ಪ ಮೈಸೂರಿನಿಂದ ಬಂದಿದ್ದರು. ಇಂಡಿಯನ್ ಅಂಗಡಿಗೆ ಇದರಲ್ಲೇ ಕರೆದುಕೊಂಡು ಹೋದೆ. ಕೂತ ತಕ್ಷಣ, "ಮಣೆ ಹಾಕಿ ಕೂರಿಸಿದ ಹಾಗಿದೆ, ಎಲೆ ಯಾವಾಗ ಹಾಕ್ತೀರಿ?" ಅಂದರು. ಇಳಿಯುವಾಗ ನಗು ಇರಲಿಲ್ಲ, ಎರಡೂ ಕೈ ಹಿಡಿದು ಎಬ್ಬಿಸಬೇಕಾಯಿತು. ಮಂಡಿ ನೋವು ಇರುವವರನ್ನು ಇದರಲ್ಲಿ ಕೂರಿಸಬೇಡಿ. ಡಿಕ್ಕಿಯಲ್ಲಿ ಎರಡು ಸಣ್ಣ ಬ್ಯಾಗ್ ಹಿಡಿಸುತ್ತದೆ, ಅಷ್ಟೇ. ಇಪ್ಪತ್ತು ಪೌಂಡಿನ ಸೋನಾ ಮಸೂರಿ ಮೂಟೆಯನ್ನು ಪಕ್ಕದ ಸೀಟಿನಲ್ಲಿ ಇಟ್ಟರೆ ಬೆಲ್ಟ್ ಹಾಕಿ ಅಂತ ಬಡಿದುಕೊಳ್ಳುತ್ತದೆ, ಅಕ್ಕಿಗೂ ಬೆಲ್ಟ್ ಹಾಕುತ್ತೇನೆ. ಗ್ಲೋವ್ ಬಾಕ್ಸ್ ಇಲ್ಲ, ಕಾಗದಪತ್ರ ಸೀಟುಗಳ ನಡುವಿನ ಗೂಡಿನಲ್ಲಿ. ಕಪ್ ಇಡುವ ಜಾಗ ಮೊಣಕೈಯ ಹಿಂದೆ, ಕೈ ತಿರುಚಿ ಕಾಫಿ ತೆಗೆದುಕೊಳ್ಳಬೇಕು, ಅಷ್ಟರಲ್ಲಿ ಗೇರ್ ಹಾಕುವ ಸಮಯ ಬಂದಿರುತ್ತದೆ. ಮನೆಯಲ್ಲೇ ಕುಡಿದು ಹೊರಡುವುದು ಒಳ್ಳೆಯದು. ಸ್ಟೆಪ್ನಿ ಇಲ್ಲ, ಪಂಕ್ಚರ್ ಕಿಟ್ ಮಾತ್ರ. ಪೆಟ್ರೋಲ್ ಬಗ್ಗೆ ದೂರಿಲ್ಲ, ಗ್ಯಾಲನ್ನಿಗೆ 31 ಮೈಲಿ ಸಿಗುತ್ತಿದೆ.

ಹೆಂಡತಿ ಹೇಳುವುದು, ಇದನ್ನು ಕೊಟ್ಟು ಆರ್‌ಎಫ್ ತಗೋ ಅಂತ. ಗಟ್ಟಿ ಚಾವಣಿಯ ಮಿಯಾಟಾ ಅದು, ಬಟನ್ ಒತ್ತಿದರೆ 13 ಸೆಕೆಂಡಿನಲ್ಲಿ ಮೋಟಾರೇ ತೆರೆಯುತ್ತದೆ, ಸದ್ದೂ ಕಡಿಮೆ. ಒಂದು ಭಾನುವಾರ ಓಡಿಸಿ ನೋಡಿದೆ. ಚೆನ್ನಾಗಿದೆ. ದಿನಾ ಫ್ರೀವೇ ಇರುವವರು, ಫೋನಿನಲ್ಲಿ ಮಾತಾಡುವವರು ಅದನ್ನೇ ತಗೊಳ್ಳಿ. ನನಗೆ ಮಾತ್ರ ಬಟನ್ ಒತ್ತಿ 13 ಸೆಕೆಂಡು ಸುಮ್ಮನೆ ಕೂತಾಗ ಕೈ ತುರಿಸಿತು. ಚಿಲಕ ಎಲ್ಲಿ? ತಳ್ಳುವುದು ಎಲ್ಲಿ? ವಾಪಸ್ ಬಂದೆ.

ಈ ತಿಂಗಳು, ಚಳಿಗಾಲಕ್ಕೆ ಅಂತ, ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯಿತು. ಅಮ್ಮನ ರಾತ್ರಿ ಒಂಬತ್ತು ಈಗ ನನಗೆ ಬೆಳಿಗ್ಗೆ ಏಳೂವರೆ, ಮನೆ ಬಿಡುವ ಮೊದಲೇ. ಆ ಹೊತ್ತಿಗೆ ಅಡುಗೆಮನೆಯಲ್ಲಿ ಮಿಕ್ಸಿ, ಇನ್ನೊಂದು ಕಡೆ ಮಗಳ ಸಾಕ್ಸ್ ಹುಡುಕಾಟ, ಅಲ್ಲಿ ಮಾತಾಡಲು ಆಗಲ್ಲ. ಅದಕ್ಕೆ ಕಾಫಿ ಲೋಟ ಹಿಡಿದು ಗ್ಯಾರೇಜಿಗೆ ಬಂದು, ಮಿಯಾಟಾದಲ್ಲಿ ಕೂತು, ಟಾಪ್ ಹಾಕಿದ ಹಾಗೇ, ಎಂಜಿನ್ ಸ್ಟಾರ್ಟ್ ಮಾಡದೆ ಫೋನ್ ಮಾಡುತ್ತೇನೆ. ಇಡೀ ಮನೆಯಲ್ಲಿ ಅದಕ್ಕಿಂತ ಸದ್ದಿಲ್ಲದ ಜಾಗ ಇಲ್ಲ. ಮೊದಲ ದಿನ ಇಪ್ಪತ್ತೈದು ನಿಮಿಷ ಮಾತಾಡಿದೆವು. ಎದುರು ಮನೆಯ ಮದುವೆ ನಿಶ್ಚಯವಾಗಿದೆಯಂತೆ, ಅರಸೀಕೆರೆಯ ಹುಡುಗ. ಇಡುವ ಮೊದಲು ಅಮ್ಮ ಸ್ವಲ್ಪ ದನಿ ಇಳಿಸಿ ಕೇಳಿದಳು.

"ಈಗ ಚೆನ್ನಾಗಿ ಕೇಳಿಸ್ತಿದೆ ಕಣೋ. ಆ ಕಾರು ಮಾರಿಬಿಟ್ಟೆಯಾ?"