ಎತ್ತು ಕೊಟ್ಟು ಮಿನಿ ಟ್ರ್ಯಾಕ್ಟರ್ ತಂದು ಮೂರು ವರ್ಷ: ಐದಕ್ಕೆ ಮೂರು ಸ್ಟಾರ್

ಕುಣಿಗಲ್ ಕಡೆ ನಮ್ಮದು ಮೂರೂವರೆ ಎಕರೆ. ಎರಡು ಎಕರೆ ರಾಗಿ ಹೊಲ, ಮಿಕ್ಕಿದ್ದು ತೆಂಗು, ಅಡಿಕೆ. ಒಂದು ಜೊತೆ ಹಳ್ಳಿಕಾರ್ ಎತ್ತು ಇದ್ದವು. ಅಪ್ಪನಿಗೆ ಮಂಡಿ ನೋವು ಜಾಸ್ತಿಯಾದ ಮೇಲೆ ಅವನ್ನು ಕೊಟ್ಟು 18 ಎಚ್‌ಪಿ ಮಿನಿ ಟ್ರ್ಯಾಕ್ಟರ್ ತಂದೆವು. ಕಂಪನಿ ಹೆಸರು ಬೇಡ ಬಿಡಿ.

ತೋಟಕ್ಕೆ ಮಾತ್ರ ಇದು ಹೇಳಿ ಮಾಡಿಸಿದ ಗಾಡಿ. ಅಡಿಕೆ ಸಾಲಿನ ಮಧ್ಯೆ ಮಣ್ಣು ಪುಡಿ ಮಾಡೋ ರೋಟವೇಟರ್ ಹಾಕಿಕೊಂಡು ಆರಾಮಾಗಿ ಹೋಗುತ್ತದೆ. ಹೊಲದಲ್ಲೂ ಅಷ್ಟೇ, ಮಳೆ ಬಿದ್ದು ಹದ ಬಂತು ಅಂದರೆ ಒಂದೇ ದಿನದಲ್ಲಿ ಉತ್ತು ಮುಗಿಸಬಹುದು, ಎತ್ತಿನಲ್ಲಾದರೆ ಎರಡು ಎಕರೆಗೆ ಮೂರು ದಿನ ಬೇಕಿತ್ತು, ಅಷ್ಟರಲ್ಲಿ ಹದ ಹೋಗಿರುತ್ತಿತ್ತು. ಮೇವು, ನೀರು, ಲಾಳ ಯಾವುದೂ ಇಲ್ಲ. ನೆಂಟರ ಮದುವೆಗೆ ಮನೆಯವರೆಲ್ಲ ಒಟ್ಟಿಗೆ ಹೋಗಿ ಬಂದಿದ್ದು ಇದು ಬಂದ ಮೇಲೇ.

ಕಷ್ಟ ಶುರುವಾಗೋದು ಬಿತ್ತನೆ ಆದಮೇಲೆ. ರಾಗಿ ಸಾಲಿನ ಮಧ್ಯೆ ಒಂದಡಿ ಜಾಗ ಇದ್ದರೆ ಹೆಚ್ಚು, ಅಲ್ಲಿ ಕಳೆ ತೆಗೆಯೋಕೆ ಕುಂಟೆ ಹೊಡೆಯೋದು ಹೇಗೆ? ಟೈರು ಪೈರಿನ ಮೇಲೇ ಹೋಗುತ್ತದೆ. ರಾಗಿ ಮಧ್ಯೆ ಅಕ್ಕಡಿ ಸಾಲಲ್ಲಿ ಹಾಕಿದ ಅವರೆ, ತೊಗರಿಯನ್ನೂ ಬಿಡಲ್ಲ. ಎತ್ತುಗಳು ಅದೇ ಜಾಗದಲ್ಲಿ ಕಾಲು ನೋಡಿ ಇಡುತ್ತಿದ್ದವು.

ಈ ಗೋಳು ನಮ್ಮೊಬ್ಬರದ್ದೇ ಅಲ್ಲ. ನಮ್ಮ ಕುಣಿಗಲ್ ಫಾರಂನಲ್ಲಿ ಕುದುರೆ ಸಾಕಿದ್ದು ರೇಸಿಗೆ, ಆದರೆ ಅಮೆರಿಕದಲ್ಲಿ ಹೊಲ ಉಳುತ್ತಿದ್ದದ್ದೇ ಕುದುರೆ. 1917ರಲ್ಲಿ ಅಲ್ಲಿ ಫೋರ್ಡ್‌ಸನ್ ಟ್ರ್ಯಾಕ್ಟರ್ ಬಂದಾಗ ಅಗ್ಗ ಅಂತ ಲಕ್ಷಗಟ್ಟಲೆ ಜನ ಕೊಂಡರು. ಉಳುಮೆಗೇನೋ ಸರಿಯಾಯಿತು, ಆದರೆ ಮುಸುಕಿನ ಜೋಳದ ಸಾಲಿನ ಮಧ್ಯೆ ಕಳೆ ತೆಗೆಯೋಕೆ ಆಗುತ್ತಿರಲಿಲ್ಲ, ಆ ಕೆಲಸಕ್ಕೆ ಕುದುರೆ ಇಟ್ಟುಕೊಳ್ಳಲೇಬೇಕಿತ್ತು. 1924ರಲ್ಲಿ ಎತ್ತರ ಜಾಸ್ತಿ ಇದ್ದ, ಮುಂದಿನ ಎರಡು ಗಾಲಿ ಒತ್ತೊತ್ತಾಗಿದ್ದ ಫಾರ್ಮಾಲ್ ಅನ್ನೋ ಟ್ರ್ಯಾಕ್ಟರ್ ಬಂದ ಮೇಲೇ ಅಲ್ಲಿ ಕುದುರೆಗೆ ಕೆಲಸ ತಪ್ಪಿದ್ದು. ಆ ಫೋರ್ಡ್‌ಸನ್‌ಗೆ ಇನ್ನೊಂದು ಕೆಟ್ಟ ಹೆಸರಿತ್ತು, ನೇಗಿಲು ಏನಕ್ಕಾದರೂ ಸಿಕ್ಕಿಕೊಂಡರೆ ಮುಂಭಾಗ ಎದ್ದು ಹಿಂದಕ್ಕೆ ಮಗುಚುತ್ತಿತ್ತು, ಜನ ಸತ್ತಿದ್ದಾರೆ. ನಮ್ಮದೂ ಒಂದ್ಸಲ ಕಲ್ಲಿಗೆ ಸಿಕ್ಕಿ ಮುಂದಿನ ಗಾಲಿ ಎತ್ತಿತು. ಮಾರನೇ ದಿನವೇ ಮುಂದಕ್ಕೆ ತೂಕದ ಕಬ್ಬಿಣ ಹಾಕಿಸಿದೆ. ನೀವು ತಗೊಳ್ಳೋದಾದರೆ ಶೋರೂಮಿನಲ್ಲೇ ಕೇಳಿ ಹಾಕಿಸಿಕೊಳ್ಳಿ, ಅವರಾಗಿ ಹೇಳಲ್ಲ.

ಸರ್ವೀಸ್ ಬಗ್ಗೆ ಕೇಳಲೇಬೇಡಿ. ಒಂದು ಆಯಿಲ್ ಸೀಲ್‌ಗೆ ಹದಿನೆಂಟು ದಿನ ಕಾಯಿಸಿದರು, ಅದೂ ಮುಂಗಾರಿನಲ್ಲಿ. ಮತ್ತೆ ಗೊಬ್ಬರ. ಮೊದಲು ತಿಪ್ಪೆಯಲ್ಲಿ ಬೇಕಾದಷ್ಟಿತ್ತು, ಈಗ ಲೋಡಿನ ಲೆಕ್ಕದಲ್ಲಿ ದುಡ್ಡು ಕೊಟ್ಟು ಹೊಡೆಸಬೇಕು, ಈ ಖರ್ಚನ್ನು ನಾವು ಮೊದಲು ಲೆಕ್ಕಕ್ಕೇ ತಗೊಂಡಿರಲಿಲ್ಲ.

ಸದ್ಯಕ್ಕೆ ಕುಂಟೆಗೆ ಪಕ್ಕದ ಹೊಲದವರ ಎತ್ತು ಬಾಡಿಗೆಗೆ ಕರೆಸುತ್ತಿದ್ದೇವೆ. ಅವರೂ ಈ ಸಲ ಘಾಟಿ ದನದ ಜಾತ್ರೆಗೆ ಮಾರೋಕೆ ಹೊಡ್ಕೊಂಡು ಹೋಗೋ ಮಾತಾಡುತ್ತಿದ್ದಾರೆ. ಮೊನ್ನೆ ಪೇಟೆಗೆ ಹೋದಾಗ ಕಳೆ ತೆಗೆಯೋ ಸಣ್ಣ ಯಂತ್ರ, ಪವರ್ ವೀಡರ್ ಅಂತಾರಲ್ಲ, ಅದರ ರೇಟು ಕೇಳಿಕೊಂಡು ಬಂದೆ.