ಪರೀಕ್ಷೆಯಲ್ಲಿ ಗೆದ್ದ ಹಾಸು ನಮ್ಮ ತಂದೆಯವರ ಬೆನ್ನಿಗೆ ಹುಣ್ಣು ತಂದಿತು

ಹಾಸಿಗೆ ಹಿಡಿದ ರೋಗಿಗಳಿಗಾಗಿ ಒತ್ತಡ ತಗ್ಗಿಸುವ ಹಾಸುಗಳನ್ನು ವಿನ್ಯಾಸ ಮಾಡುವುದು ನನ್ನ ವೃತ್ತಿ. ಪಾರ್ಶ್ವವಾಯುವಿನಿಂದ ಮಲಗಿಬಿಟ್ಟ ನಮ್ಮ ತಂದೆಯವರಿಗೆ, ನಾನೇ ಮುಂದೆ ನಿಂತು ರೂಪಿಸಿದ್ದ ಎಂಟು ಸೆಂಟಿಮೀಟರ್ ದಪ್ಪದ ಫೋಮ್ ಮೇಲ್ಹಾಸನ್ನು ಯಾವ ಅನುಮಾನವೂ ಇಲ್ಲದೆ ಹಾಸಿಕೊಟ್ಟೆ. ಹನ್ನೊಂದನೆಯ ದಿನ ಅವರ ಬೆನ್ನಿನ ಕೆಳತುದಿಯಲ್ಲಿ, ತ್ರಿಕಾಸ್ಥಿಯ ಮೇಲೆ, ಕಂದು ಮತ್ತು ನೇರಳೆ ಬೆರೆತ ಒಂದು ಕಲೆ ಕಾಣಿಸಿತು. ಬೆರಳಿನಿಂದ ಒತ್ತಿದರೆ ಅದರ ಬಣ್ಣ ಬದಲಾಗಲಿಲ್ಲ. ಮುಟ್ಟಿದರೆ ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿತ್ತು, ಗಟ್ಟಿಯಾಗಿತ್ತು. ವಾರ ಕಳೆಯುವುದರೊಳಗೆ ಚರ್ಮ ಒಡೆದು ಒಳಗಿನ ಕೊಬ್ಬು ಕಾಣುವಷ್ಟು ಆಳದ ಹುಣ್ಣಾಯಿತು, ಮತ್ತು ಅದು ಮುಚ್ಚಿಕೊಳ್ಳಲು ಐದು ತಿಂಗಳು ಹಿಡಿಯಿತು. ಇಂಥ ಹಾಸುಗಳನ್ನು ರೂಪಿಸುವವರೂ ಅವುಗಳನ್ನು ಕೊಂಡು ಮನೆಯಲ್ಲಿ ಬಳಸುವವರೂ ನನ್ನ ತಪ್ಪುಗಳನ್ನು ಮತ್ತೆ ಮಾಡಬಾರದೆಂದು ನಡೆದದ್ದನ್ನು ಬರೆಯುತ್ತಿದ್ದೇನೆ.

ನಮ್ಮ ಹಾಸು ಪರೀಕ್ಷೆಯಲ್ಲಿ ಸೋತಿರಲಿಲ್ಲ. ಸೆನ್ಸರ್‌ಗಳಿರುವ ತೆಳುವಾದ ಚಾಪೆಯೊಂದನ್ನು ಹಾಸಿನ ಮೇಲೆ ಹರಡಿ, ಅದರ ಮೇಲೆ ಸಹೋದ್ಯೋಗಿಗಳನ್ನು ಹತ್ತು ಹತ್ತು ನಿಮಿಷ ಅಂಗಾತ ಮಲಗಿಸಿ, ದೇಹದ ಯಾವ ಭಾಗದ ಮೇಲೆ ಎಷ್ಟು ಒತ್ತಡ ಬೀಳುತ್ತದೆಂದು ದಾಖಲಿಸಿದ್ದೆವು. ತ್ರಿಕಾಸ್ಥಿಯ ಕೆಳಗೆ 32 ಮಿಲಿಮೀಟರ್ ಪಾದರಸದ (ರಕ್ತದೊತ್ತಡ ಅಳೆಯುವ ಅದೇ ಮಾನ) ಗಡಿಯೊಳಗೇ ಅಳತೆ ನಿಂತಾಗ ಎಲ್ಲರೂ ಸಂತೋಷಪಟ್ಟೆವು. ಆ 32 ಎಂಬ ಸಂಖ್ಯೆ ಎಲ್ಲಿಂದ ಬಂದದ್ದೆಂದು ಆಗ ನಮ್ಮಲ್ಲಿ ಯಾರೂ ಕೇಳಲಿಲ್ಲ. ಅಮೆರಿಕದ ಶರೀರಶಾಸ್ತ್ರಜ್ಞ ಯುಜೀನ್ ಲ್ಯಾಂಡಿಸ್ ಅವರು 1930ರಲ್ಲಿ ಆರೋಗ್ಯವಂತರ ಬೆರಳಿನ ಉಗುರಿನ ಬುಡದಲ್ಲಿರುವ ಸೂಕ್ಷ್ಮ ರಕ್ತನಾಳಗಳೊಳಗೆ ಅಳೆದು ಕಂಡುಕೊಂಡ ಸರಾಸರಿ ರಕ್ತದೊತ್ತಡ ಅದು. ಹಾಸಿಗೆಗೂ ಮುದಿ ಚರ್ಮಕ್ಕೂ ಮೂಳೆಯ ಮೇಲಿನ ಮಾಂಸಕ್ಕೂ ಅದನ್ನು ಸುರಕ್ಷತೆಯ ಗೆರೆಯೆಂದು ಎಳೆದು ತಂದದ್ದು ಆಮೇಲಿನವರು. ಮೂಳೆಗೆ ಅಂಟಿಕೊಂಡ ಆಳದ ಅಂಗಾಂಶ ಎಷ್ಟು ಹಿಸುಕಿ ತಿರುಚಿಕೊಳ್ಳುತ್ತಿದೆ ಎಂಬುದನ್ನು ಚರ್ಮದ ಮೇಲಿಟ್ಟ ಚಾಪೆ ಹೇಳಲಾರದು. ಕಾಲದ ಲೆಕ್ಕವನ್ನೂ ನಾವು ಬಿಟ್ಟಿದ್ದೆವು. ಹೆಚ್ಚಿನ ಒತ್ತಡ ಸ್ವಲ್ಪ ಹೊತ್ತಿನಲ್ಲಿ ಮಾಡುವ ಹಾನಿಯನ್ನು ಕಡಿಮೆ ಒತ್ತಡ ಬಹಳ ಹೊತ್ತಿನಲ್ಲಿ ಮಾಡುತ್ತದೆಂದು ವೈದ್ಯ ಮೈಕೆಲ್ ಕೋಸಿಯಾಕ್ ಅವರು 1959ರಲ್ಲೇ ನಾಯಿಗಳ ಮೇಲಿನ ಪ್ರಯೋಗದಿಂದ ತೋರಿಸಿದ್ದರೂ, ನಮ್ಮ ಪರೀಕ್ಷೆ ಹತ್ತು ನಿಮಿಷಕ್ಕೇ ಮುಗಿಯುತ್ತಿತ್ತು. ಇದಕ್ಕಿಂತ ದೊಡ್ಡ ಕೊರತೆಯೆಂದರೆ, ಮಲಗಿದ್ದವರೆಲ್ಲ ಮೈಯಲ್ಲಿ ಮಾಂಸಖಂಡವಿದ್ದ, ನೋವಾದರೆ ತಾವೇ ಮಿಸುಕಾಡಬಲ್ಲ ಜನ. ನಮ್ಮ ತಂದೆಯವರ ಬೆನ್ನಿನ ಕೆಳಭಾಗದಲ್ಲಿ ಮೂಳೆಗೂ ಚರ್ಮಕ್ಕೂ ನಡುವೆ ಉಳಿದಿದ್ದದ್ದು ಬಹಳ ಕಡಿಮೆ.

ಕಲೆ ಕಂಡ ದಿನ ನಾನು ಮಾಡಿದ ಮೊದಲ ಕೆಲಸವನ್ನು ಮೊದಲ ದಿನವೇ ಮಾಡಬೇಕಿತ್ತು. ಮೇಲ್ಹಾಸಿಗೂ ಅದರ ಕೆಳಗಿನ ಹಾಸಿಗೆಗೂ ನಡುವೆ, ಅಂಗೈಯನ್ನು ಮೇಲ್ಮುಖವಾಗಿಟ್ಟು, ಅವರ ತ್ರಿಕಾಸ್ಥಿಯ ನೇರಕ್ಕೆ ಕೈ ತೂರಿಸಿದೆ. ಅಲ್ಲಿ ಕುಗ್ಗದೆ ಉಳಿದ ಫೋಮ್ ಕನಿಷ್ಠ ಎರಡೂವರೆ ಸೆಂಟಿಮೀಟರ್ ದಪ್ಪಕ್ಕಾದರೂ ಕೈಗೆ ಸಿಗಬೇಕೆಂಬುದು ಶುಶ್ರೂಷೆಯಲ್ಲಿ ಬಳಕೆಯಲ್ಲಿರುವ ಒರಟು ಲೆಕ್ಕ. ನನ್ನ ಬೆರಳುಗಳಿಗೆ ಸಿಕ್ಕಿದ್ದು ಮೂಳೆ. ಫೋಮ್ ಪೂರ್ತಿ ಕುಸಿದು ತಳ ಮುಟ್ಟಿತ್ತು. ಚಪ್ಪಟೆಯಾಗಿ ಮಲಗಿದವರ ಭಾರ ಇಡೀ ಬೆನ್ನಿಗೆ ಹಂಚಿಹೋಗುತ್ತದೆ; ತಲೆಯ ಭಾಗ ಎತ್ತಿದಾಗ ಅದರ ಬಹುಪಾಲು ಸೊಂಟದ ಕೆಳಗೆ ಬಂದು ಕೂರುತ್ತದೆ. ನಾವು ದಪ್ಪವನ್ನು ನಿರ್ಧರಿಸಿದ್ದು ಮೊದಲನೆಯ ಸ್ಥಿತಿಗೆ, ತಂದೆಯವರು ದಿನದ ಹೆಚ್ಚು ಹೊತ್ತು ಇದ್ದದ್ದು ಎರಡನೆಯ ಸ್ಥಿತಿಯಲ್ಲಿ.

ಊಟ ಗಂಟಲಿಗೆ ಸಿಕ್ಕಿಕೊಳ್ಳಬಾರದೆಂದು ಉಣಿಸುವಾಗ ತಲೆಯ ಭಾಗವನ್ನು ಎತ್ತರಿಸುವುದು ಅಗತ್ಯವೇ. ಆದರೆ ಊಟವಾದ ಮೇಲೂ, ಮಾತಾಡಿಸಲು ಅನುಕೂಲವೆಂದು, ನಾವು ಅದನ್ನು ಗಂಟೆಗಟ್ಟಲೆ ಹಾಗೆಯೇ ಬಿಡುತ್ತಿದ್ದೆವು. ಸುಮಾರು 30 ಡಿಗ್ರಿಗಿಂತ ಹೆಚ್ಚು ಎತ್ತಿದಾಗ ದೇಹ ನಿಧಾನವಾಗಿ ಕೆಳಗೆ ಜಾರಲು ತೊಡಗುತ್ತದೆ. ಚರ್ಮ ಹಾಸಿಗೆಗೆ ಅಂಟಿಕೊಂಡಲ್ಲೇ ನಿಲ್ಲುತ್ತದೆ, ಒಳಗಿನ ಮೂಳೆ ಮಾತ್ರ ಜಾರುತ್ತದೆ. ಇವೆರಡರ ನಡುವೆ ಸಿಕ್ಕ ರಕ್ತನಾಳಗಳು ಎಳೆದು ತಿರುಚಿಕೊಳ್ಳುತ್ತವೆ. ನೇರ ಒತ್ತಡವನ್ನು ಮಾತ್ರ ಅಳೆಯುವ ಚಾಪೆಗೆ ಈ ಎಳೆತ ಕಾಣುವುದೇ ಇಲ್ಲ. ಕೆಳಗೆ ಜಾರಿದವರನ್ನು ಕಂಕುಳಲ್ಲಿ ಕೈಹಾಕಿ ದರದರನೆ ಮೇಲಕ್ಕೆ ಎಳೆದಾಗ ಅದೇ ಹಾನಿ ವಿರುದ್ಧ ದಿಕ್ಕಿನಲ್ಲಿ ಮತ್ತೊಮ್ಮೆ ಆಗುತ್ತದೆ. ಮೊದಲು ಮೊಣಕಾಲುಗಳ ಕೆಳಗೆ ಆಸರೆ ಕೊಟ್ಟು, ಆಮೇಲೆ ತಲೆಯ ಭಾಗ ಎತ್ತಬೇಕೆಂದು ಗಾಯಕ್ಕೆ ಪಟ್ಟಿ ಕಟ್ಟಲು ಬರುತ್ತಿದ್ದ ನರ್ಸ್ ತೋರಿಸಿಕೊಟ್ಟರು. ಇಷ್ಟು ವರ್ಷ ಈ ಕೆಲಸದಲ್ಲಿದ್ದು ಅದನ್ನು ಅವರಿಂದ ಕಲಿಯಬೇಕಾಯಿತಲ್ಲ ಎಂಬ ನೋವು ನನಗೆ ಇನ್ನೂ ಇದೆ.

ಇನ್ನು ಹೊದಿಕೆಯ ವಿಷಯ. ವಿನ್ಯಾಸಕಾರರು ಫೋಮ್ ಆರಿಸಲು ತಿಂಗಳುಗಳನ್ನು ಕೊಟ್ಟು, ಕವರ್ ಆರಿಸಲು ಒಂದು ಮಧ್ಯಾಹ್ನ ಕೊಡುತ್ತಾರೆ. ನಾವೂ ಹಾಗೆಯೇ ಮಾಡಿದೆವು. ಒರೆಸಲು ಸುಲಭವೆಂದು ಹಿಗ್ಗದ ದಪ್ಪ ಬಟ್ಟೆಯನ್ನು, ಸುಕ್ಕು ಬೀಳಬಾರದೆಂದು ಬಿಗಿಯಾಗಿ ಹೊಲಿಸಿದೆವು. ಒತ್ತಡದ ಪರೀಕ್ಷೆ ನಡೆದದ್ದು ಕವರ್ ಇಲ್ಲದ ಫೋಮ್ ಮೇಲೆ. ಮದ್ದಳೆಯ ಚರ್ಮದಂತೆ ಬಿಗಿದ ಹೊದಿಕೆಯ ಮೇಲೆ ದೇಹ ಫೋಮ್‌ನೊಳಗೆ ಇಳಿಯಲು ಸಾಧ್ಯವಿಲ್ಲ. ಇಳಿಯದಿದ್ದರೆ ತಗಲುವ ವಿಸ್ತಾರ ಹೆಚ್ಚುವುದಿಲ್ಲ, ಭಾರವೆಲ್ಲ ಉಬ್ಬಿದ ಮೂಳೆಗಳ ಮೇಲೆಯೇ ನಿಲ್ಲುತ್ತದೆ. ಆ ಬಟ್ಟೆಯಿಂದ ಬೆವರೂ ಆರುತ್ತಿರಲಿಲ್ಲ. ಒದ್ದೆಯಾದ ಚರ್ಮ ಮೆತ್ತಗಾಗಿ ಬೇಗ ಕಿತ್ತುಬರುತ್ತದೆ, ಬಿಸಿಯಾದ ಚರ್ಮಕ್ಕೆ ಹೆಚ್ಚು ಆಮ್ಲಜನಕ ಬೇಕಾಗುತ್ತದೆ, ಮತ್ತು ಅದನ್ನು ತರಬೇಕಾದ ರಕ್ತವೇ ಅಲ್ಲಿ ಒತ್ತಡದಿಂದ ತಡೆದಿರುತ್ತದೆ. ಇವೆಲ್ಲದರ ಮೇಲೆ ಮನೆಯವರು ಪ್ರೀತಿಯಿಂದ ಒಂದು ಪ್ಲಾಸ್ಟಿಕ್ ಹಾಳೆ, ಎರಡು ಮಡಿಕೆಯ ಬೆಡ್‌ಶೀಟ್ ಮತ್ತು ಒಂದು ಹೀರುವ ಪ್ಯಾಡ್ ಹಾಸಿದ್ದರು. ಒಳ್ಳೆಯ ಹಾಸನ್ನು ಕೆಡಿಸಲು ಅಷ್ಟು ಪದರಗಳು ಸಾಕು, ನಮ್ಮದಂತೂ ಒಳ್ಳೆಯದಾಗಿರಲಿಲ್ಲ.

ಗಾಬರಿಯಲ್ಲಿ ಮಾಡಿದ ಎರಡನೆಯ ಸುತ್ತಿನ ತಪ್ಪುಗಳನ್ನೂ ಹೇಳಬೇಕು. ಮಾರನೆಯ ದಿನವೇ, ಗಾಳಿಗುಳ್ಳೆಗಳು ಸರದಿಯಂತೆ ಉಬ್ಬಿ ಇಳಿಯುವ ಒಂದು ಏರ್‌ಬೆಡ್ ತರಿಸಿದೆ. ಅದರ ಗಾಳಿಗುಳ್ಳೆಗಳು ತೀರ ಚಿಕ್ಕವಾಗಿದ್ದವು. ಹತ್ತು ಸೆಂಟಿಮೀಟರ್‌ಗಿಂತ ಕಡಿಮೆ ವ್ಯಾಸದ ಕೋಶಗಳು, ಪಕ್ಕದವು ಇಳಿದಾಗ ದೇಹವನ್ನು ತಳದಿಂದ ಎತ್ತಿ ಹಿಡಿಯುವಷ್ಟು ಉಬ್ಬಲಾರವು. ಪಂಪಿನ ತಿರುಗುಗುಂಡಿಯನ್ನು ರೋಗಿಯ ತೂಕಕ್ಕೆ ಹೊಂದಿಸಬೇಕಿತ್ತು. ಗಟ್ಟಿಯಾಗಿದ್ದಷ್ಟೂ ಒಳ್ಳೆಯದೆಂದು ಯಾರೋ ಅದನ್ನು ಕೊನೆಯವರೆಗೆ ತಿರುಗಿಸಿದ್ದರು, ನಾನು ನೋಡಿರಲಿಲ್ಲ. ಒಂದು ರಾತ್ರಿ ಮಂಚದ ಚೌಕಟ್ಟಿಗೆ ಸಿಕ್ಕಿ ಗಾಳಿಯ ಕೊಳವೆ ಮಡಚಿಕೊಂಡು, ಬೆಳಗಿನವರೆಗೆ ತಂದೆಯವರು ಗಾಳಿಯಿಲ್ಲದ ರಬ್ಬರಿನ ಮೇಲೆ ಮಲಗಿದ್ದರು. ಏರ್‌ಬೆಡ್ ಇದೆಯಲ್ಲ ಎಂಬ ಧೈರ್ಯದಿಂದ ಮಗ್ಗುಲು ಬದಲಿಸುವುದನ್ನು ನಾವು ಸಡಿಲಿಸಿದ್ದು ಇವೆಲ್ಲಕ್ಕಿಂತ ಕೆಟ್ಟದಾಯಿತು. ಹುಣ್ಣಿಗೆ ಏನೂ ತಗಲದಿರಲೆಂದು ನಡುವೆ ತೂತಿರುವ ಗಾಳಿಬಳೆಯನ್ನೂ ಇಟ್ಟಿದ್ದೆವು. ಬಳೆಯ ಅಂಚು ಸುತ್ತಲಿನ ಮಾಂಸವನ್ನು ಒತ್ತಿ, ನಡುವಿನ ಗಾಯಕ್ಕೆ ಬರುವ ರಕ್ತವನ್ನೇ ತಡೆಯುತ್ತದೆ. ದಯವಿಟ್ಟು ಅದನ್ನು ಯಾರಿಗೂ ಕೊಡಬೇಡಿ.

ನಮ್ಮಂಥ ಕಂದು ಚರ್ಮದವರ ಮನೆಗಳಿಗೆ ಇನ್ನೊಂದು ಮಾತು. ಪುಸ್ತಕಗಳು ಇಂಥ ಹುಣ್ಣಿನ ಮೊದಲ ಹಂತದ ಲಕ್ಷಣವಾಗಿ ಕೆಂಪನ್ನು ಹೇಳುತ್ತವೆ. ನಮ್ಮ ಚರ್ಮದಲ್ಲಿ ಆ ಕೆಂಪು ಅನೇಕ ವೇಳೆ ಕಾಣುವುದೇ ಇಲ್ಲ. ದಿನವೂ ಬೆಳಕಿನಲ್ಲಿ ತ್ರಿಕಾಸ್ಥಿ, ಹಿಮ್ಮಡಿ, ಸೊಂಟದ ಪಕ್ಕ ಮತ್ತು ತಲೆಯ ಹಿಂಭಾಗವನ್ನು ಕೈಯಿಂದ ಮುಟ್ಟಿ, ಬಿಸಿ, ಗಟ್ಟಿತನ, ಊತ ಇವೆಯೇ ಎಂದು ಪಕ್ಕದ ಚರ್ಮಕ್ಕೆ ಹೋಲಿಸಿ ನೋಡಬೇಕು. ಹಿಮ್ಮಡಿಯನ್ನು ಯಾವ ಹಾಸೂ ಪೂರ್ತಿ ಕಾಯಲಾರದು. ಮೀನಖಂಡದ ಉದ್ದಕ್ಕೂ ದಿಂಬಿಟ್ಟು ಅದನ್ನು ಗಾಳಿಯಲ್ಲಿ ತೇಲಿಸಬೇಕು.

ಆ ಮೇಲ್ಹಾಸು ಮಾರಾಟಕ್ಕೆ ಹೋಗದಂತೆ ನಾನು ತಡೆದೆ. ಈಗ ನಮ್ಮಲ್ಲಿ ಪ್ರತಿಯೊಂದು ಮಾದರಿಯನ್ನೂ ಕವರ್ ಹಾಕಿ, ಬೆಡ್‌ಶೀಟ್ ಹಾಸಿ, ತಲೆಯ ಭಾಗವನ್ನು ಮೊದಲು 30 ಡಿಗ್ರಿಗೆ, ಆಮೇಲೆ 60 ಡಿಗ್ರಿಗೆ ಎತ್ತಿ, ಗಂಟೆಗಳ ಕಾಲ ಭಾರ ಹೇರಿ, ಬಳಸಿ ಸವೆದ ಫೋಮ್ ಮೇಲೆಯೂ ಅಳೆಯುತ್ತೇವೆ. ನಿಮ್ಮ ಮನೆಯಲ್ಲಿ ಇಂಥ ಮೇಲ್ಹಾಸಿದ್ದರೆ, ಇಂದು ರೋಗಿಗೆ ಉಣಿಸಲು ತಲೆಯ ಭಾಗ ಎತ್ತಿದಾಗ, ಅದೇ ಸ್ಥಿತಿಯಲ್ಲಿ, ಮೇಲ್ಹಾಸಿನ ಕೆಳಗೆ ಒಮ್ಮೆ ಕೈ ತೂರಿಸಿ ನೋಡಿ.